ಇನೊಕಾಶಿರಾ ಕೆರೆಯ ಕೆಂಪು ಕಿವಿ ಆಮೆಗಳು: ಟೋಕಿಯೋದ ಒಂದು ಪ್ರಕರಣ

2014ರ ಜನವರಿಯಲ್ಲಿ ಟೋಕಿಯೋದ ಇನೊಕಾಶಿರಾ ಉದ್ಯಾನದವರು ತಮ್ಮ ಕೆರೆಯ ನೀರನ್ನೆಲ್ಲ ಹೊರಗೆ ಬಿಟ್ಟರು. ಚಳಿಗಾಲದ ಬಿಸಿಲಿಗೆ ತಳದ ಕೆಸರು ಮೇಲೆ ಬಂತು. ಆ ಕೆಸರಿನಲ್ಲಿ ಸೈಕಲ್ಲುಗಳೇ 200ಕ್ಕಿಂತ ಜಾಸ್ತಿ ಸಿಕ್ಕವು. ಅಮೆರಿಕದಿಂದ ಬಂದ ಬ್ಲೂಗಿಲ್ ಮೀನು ರಾಶಿರಾಶಿಯಾಗಿ ಸಿಕ್ಕಿತು. ಬಾಸ್ ಮೀನು ಸಿಕ್ಕಿತು. ದಡದ ಹತ್ತಿರ ಕೊಳೆತ ಎಲೆಗಳ ಅಡಿಯಲ್ಲಿ, ಕೆಸರಲ್ಲಿ ಹುದುಗಿ ಮಲಗಿದ್ದ ಆಮೆಗಳೂ ಸಿಕ್ಕವು. ಕೆಲವು ಆಮೆಗಳ ಕಣ್ಣಿನ ಹಿಂದೆ ಕುಂಕುಮ ಎಳೆದ ಹಾಗೆ ಒಂದು ಕೆಂಪು ಪಟ್ಟೆ.

ಸೈಕಲ್ಲು ಕೆರೆಗೆ ತಾನಾಗಿ ಬರುವುದಿಲ್ಲ. ಕೆಂಪು ಪಟ್ಟೆಯ ಆ ಆಮೆಯೂ ಅಷ್ಟೇ. ಅದನ್ನು ಯಾರೋ ಒಬ್ಬರು ಬಕೆಟ್ಟಿನಲ್ಲೋ ಡಬ್ಬಿಯಲ್ಲೋ ತಂದು, ದಡದಲ್ಲಿ ಬಗ್ಗಿ, ನೀರಿಗೆ ಬಿಟ್ಟು ಹೋಗಿರುತ್ತಾರೆ. ಇಲ್ಲವೇ ಹಾಗೆ ಬಿಟ್ಟ ಆಮೆಯ ಮರಿಯೋ ಮೊಮ್ಮರಿಯೋ ಆಗಿರುತ್ತದೆ.

ಈ ಪ್ರಕರಣವನ್ನು ನಾನು ಓದಲು ಕೂತದ್ದು ನನ್ನ ಅಕ್ಕನ ಒಂದು ಫೋನಿನಿಂದ. ಬೆಂಗಳೂರಿನಲ್ಲಿರುವ ಅವಳು ಮಗಳ ಹಟಕ್ಕೆ ಒಂದು ಪುಟ್ಟ ಹಸಿರು ಆಮೆ ತಂದಿದ್ದಳು. ಮೂರು ವರ್ಷ ಕಳೆದಿತ್ತು. "ಲೋ, ಅದು ಈಗ ಊಟದ ತಟ್ಟೆ ಅಷ್ಟಾಗಿದೆ ಕಣೋ. ನೀರು ಬದಲಿಸಿ ಬದಲಿಸಿ ಸಾಕಾಯ್ತು. ಇಲ್ಲೇ ಪಾರ್ಕಿನ ಕೆರೆಗೆ ಬಿಟ್ಟುಬಿಡ್ಲಾ? ಪಾಪ, ಅದಕ್ಕೂ ಆರಾಮ ಅಲ್ವಾ?" ಎಂದಳು. ಬೇಡ ಅಂದೆ. ಯಾಕೆ ಬೇಡ ಅಂತ ಕೇಳಿದಾಗ ನೆಟ್ಟಗೆ ಹೇಳಲು ಬರಲಿಲ್ಲ. ಇನೊಕಾಶಿರಾದ ಕಥೆ ಓದಿದ ಮೇಲೆ ಹೇಳಬಲ್ಲೆ.

ಸರಸ್ವತಿಯ ಕೆರೆ

ಇನೊಕಾಶಿರಾ ಉದ್ಯಾನ ಟೋಕಿಯೋದ ಪಶ್ಚಿಮ ಭಾಗದಲ್ಲಿ, ಕಿಚಿಜೋಜಿ ರೈಲು ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಸಿಗುತ್ತದೆ. ಜನರಿಗೆ ತೆರೆದದ್ದು 1917ರ ಮೇ ತಿಂಗಳಲ್ಲಿ. ಕೆರೆ ಸುಮಾರು 10 ಎಕರೆ. ಕಾಂದಾ ನದಿ ಹುಟ್ಟುವುದು ಇಲ್ಲಿ. ಟೋಕಿಯೋಗೆ ಎದೊ ಎಂದು ಹೆಸರಿದ್ದ ಕಾಲದಲ್ಲಿ ಊರಿಗೆ ಕುಡಿಯುವ ನೀರು ಇಲ್ಲಿಂದ ಕಾಲುವೆಯಲ್ಲಿ ಹರಿದು ಹೋಗುತ್ತಿತ್ತು.

ಕೆರೆಯೊಳಗಿನ ಒಂದು ದ್ವೀಪದಲ್ಲಿ ಬೆಂಜೈಟೆನ್ ದೇವಿಯ ಗುಡಿ ಇದೆ. ಈ ಬೆಂಜೈಟೆನ್ ನಮ್ಮ ಸರಸ್ವತಿಯೇ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋದವಳು. ಕೈಯಲ್ಲಿ ವೀಣೆಯ ಜಾಗದಲ್ಲಿ ಅಲ್ಲಿನ ಬಿವಾ ಎಂಬ ತಂತಿವಾದ್ಯ ಬಂದಿದೆ. ಸರಸ್ವತಿ ಮೂಲದಲ್ಲಿ ನದಿ ದೇವತೆ. ಅದಕ್ಕೇ ಜಪಾನಿನಲ್ಲಿ ಅವಳ ಗುಡಿ ಹೆಚ್ಚಾಗಿ ನೀರಿನ ಪಕ್ಕದಲ್ಲೇ ಇರುತ್ತದೆ. ಅವಳ ಮನೆಯಂಗಳ ಇಷ್ಟೊಂದು ಕೆಟ್ಟಿತ್ತು ಅಂತ ಓದಿದಾಗ ನನಗೆ ನಮ್ಮೂರ ಕಲ್ಯಾಣಿಗಳ ನೆನಪಾಯಿತು.

ಕೆಟ್ಟದ್ದು ಹೇಗೆ? ಈ ಕೆರೆಗೆ ಮೊದಲು ಊಟೆಯ ನೀರು ತುಂಬಿ ಬರುತ್ತಿತ್ತು. ಸುತ್ತ ಊರು ಬೆಳೆಯಿತು, ನೆಲಕ್ಕೆ ಕಾಂಕ್ರೀಟು ಬಿತ್ತು, ಅಂತರ್ಜಲ ಎತ್ತುವುದು ಹೆಚ್ಚಿತು. 1960ರ ದಶಕದ ಹೊತ್ತಿಗೆ ಊಟೆಗಳು ಸೊರಗಿದವು. ಕೊಳವೆಬಾವಿಯಿಂದ ನೀರೆತ್ತಿ ಕೆರೆಗೆ ಬಿಡುವ ಸ್ಥಿತಿ ಬಂತು. ನೀರು ನಿಂತಲ್ಲೇ ನಿಂತು ಪಾಚಿಯಿಂದ ಹಸಿರಾಯಿತು. ಅದೇ ಸಮಯದಲ್ಲಿ ಜನ ಮನೆಯಲ್ಲಿ ಸಾಕಿದ್ದನ್ನೂ, ಗಾಳ ಹಾಕುವ ಆಸೆಗೆ ತಂದ ಮೀನನ್ನೂ ಅದರೊಳಗೆ ಬಿಡುತ್ತಾ ಬಂದರು.

ಹತ್ತು ರೂಪಾಯಿ ನಾಣ್ಯದಿಂದ ಊಟದ ತಟ್ಟೆಗೆ

ಕೆಂಪು ಕಿವಿ ಆಮೆ, ಅಂಗಡಿಯವರ ಬಾಯಲ್ಲಿ 'ರೆಡ್ ಇಯರ್ಡ್ ಸ್ಲೈಡರ್', ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಲಿನ ಪ್ರಾಣಿ. ದಿಮ್ಮಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದು, ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ನೀರಿಗೆ ಜಾರುತ್ತದೆ. ಸ್ಲೈಡರ್ ಎಂಬ ಹೆಸರು ಬಂದದ್ದು ಅದರಿಂದ. ಮೊಟ್ಟೆಯೊಡೆದು ಬಂದಾಗ ಚಿಪ್ಪು ಸುಮಾರು 3 ಸೆಂಟಿಮೀಟರ್, ಅಂದರೆ ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಚೂರು ದೊಡ್ಡದು. ಎಲೆ ಹಸಿರು ಬಣ್ಣ. ಅಂಗೈಯಲ್ಲಿ ಇಟ್ಟುಕೊಂಡ ಯಾವ ಮಗು ಬೇಡ ಅನ್ನುತ್ತದೆ ಹೇಳಿ?

ಆದರೆ ಆ ಹಸಿರು ಉಳಿಯುವುದಿಲ್ಲ. ಚಿಪ್ಪು ಕಂದಾಗುತ್ತಾ, ಕಪ್ಪಾಗುತ್ತಾ ಹೋಗುತ್ತದೆ. ಹೆಣ್ಣು 28 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. 20, 30 ವರ್ಷ ಬದುಕುತ್ತದೆ. ಸಣ್ಣ ಗಾಜಿನ ತೊಟ್ಟಿಯ ನೀರು ಎರಡೇ ದಿನದಲ್ಲಿ ನಾರುತ್ತದೆ. ಎತ್ತಿಕೊಳ್ಳಲು ಹೋದರೆ ಕಚ್ಚುತ್ತದೆ. ತಂದಾಗ ಐದನೇ ಕ್ಲಾಸಿನಲ್ಲಿದ್ದ ಮಗು ಕಾಲೇಜು ಮುಗಿಸಿ ಕೆಲಸಕ್ಕೆ ಹೋದರೂ ಆಮೆ ಮನೆಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ.

ಜಪಾನಿನಲ್ಲಿ ಈ ಮರಿಗಳಿಗೆ 'ಮಿದೊರಿಗಾಮೆ' ಎನ್ನುತ್ತಾರೆ, ಹಸಿರು ಆಮೆ ಅಂತ ಅರ್ಥ. 1960ರ ದಶಕದಲ್ಲಿ ಒಂದು ಸಿಹಿತಿಂಡಿ ಕಂಪನಿ ಇಂಥ ಹಸಿರು ಆಮೆಮರಿಗಳನ್ನು ಬಹುಮಾನವಾಗಿ ಕೊಟ್ಟಿತು. ಹುಚ್ಚು ಹತ್ತಿದ್ದು ಆಗ. ಜಾತ್ರೆಗಳಲ್ಲಿ, ಸಾಕುಪ್ರಾಣಿ ಅಂಗಡಿಗಳಲ್ಲಿ ಕೆಲವೇ ನೂರು ಯೆನ್‌ಗೆ ಮಾರಿದರು. 1990ರ ದಶಕದ ನಡುವಿಗೆ ಜಪಾನ್ ಒಂದೇ ವರ್ಷಕ್ಕೆ ಸುಮಾರು 10 ಲಕ್ಷ ಆಮೆ ತರಿಸಿಕೊಳ್ಳುತ್ತಿತ್ತು.

ಇಲ್ಲಿ ಅಮೆರಿಕದ ಪಾತ್ರವನ್ನೂ ಹೇಳಬೇಕು. ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ರೋಗ ತಗುಲುತ್ತದೆ ಎಂದು ಅಮೆರಿಕ 1975ರಲ್ಲೇ, ಚಿಪ್ಪು 4 ಇಂಚಿಗಿಂತ ಕಡಿಮೆ ಇರುವ ಆಮೆಗಳನ್ನು ತನ್ನಲ್ಲಿ ಸಾಕಲು ಮಾರಬಾರದು ಎಂದಿತು. ಹೊರದೇಶಕ್ಕೆ ಕಳಿಸಲು ಮಾತ್ರ ಅಡ್ಡಿ ಇರಲಿಲ್ಲ. 1989ರಿಂದ 1997ರ ನಡುವೆ ಅಲ್ಲಿಂದ 5 ಕೋಟಿಗೂ ಜಾಸ್ತಿ ಆಮೆಗಳು ಪರದೇಶಗಳಿಗೆ ಹೋದವು. ತನ್ನ ಮಕ್ಕಳಿಗೆ ಅಪಾಯ ಎಂದು ಗೊತ್ತಾದದ್ದನ್ನು ಊರಾಚೆಯ ಮಕ್ಕಳಿಗೆ ಮಾರಿದ ಹಾಗಾಯಿತು. ನನಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ.

ಸಾಕಲಾರದವರು ಏನು ಮಾಡಿದರು? ಕೊಲ್ಲಲು ಮನಸ್ಸು ಬರಲಿಲ್ಲ, ಇಟ್ಟುಕೊಳ್ಳಲು ಜಾಗ ಇರಲಿಲ್ಲ. ಹತ್ತಿರದ ಉದ್ಯಾನದಲ್ಲಿ ಕೆರೆ ಇತ್ತು. ಆಮೆ ಜಪಾನಿನಲ್ಲಿ ಮಂಗಳಕರ, ಹತ್ತು ಸಾವಿರ ವರ್ಷ ಬಾಳುತ್ತದೆ ಎಂಬ ನಂಬಿಕೆ. ಪ್ರಾಣಿಗಳನ್ನು ಬಿಡುಗಡೆ ಮಾಡಿದರೆ ಪುಣ್ಯ ಎನ್ನುವ ಬೌದ್ಧ ಆಚರಣೆಯೂ ಇದೆ, ದೇವಸ್ಥಾನದ ಕೊಳಕ್ಕೆ ಮೀನು, ಆಮೆ ಬಿಡುತ್ತಾರೆ. ಹಾಗಾಗಿ ಕೆರೆಗೆ ಬಿಟ್ಟವರಿಗೆ ತಾವು ತಪ್ಪು ಮಾಡಿದೆವು ಅಂತ ಅನ್ನಿಸಲೇ ಇಲ್ಲ. ಅಕ್ಕನ ಮಾತಿನಲ್ಲಿದ್ದ ಅದೇ 'ಪಾಪ' ಇಲ್ಲೂ ಕೆಲಸ ಮಾಡಿದೆ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಕೆಟ್ಟ ಮನಸ್ಸಿನವರು ಮಾಡಿದ ಕೆಲಸವಾಗಿದ್ದರೆ ತಡೆಯುವುದು ಸುಲಭವಿತ್ತು.

ಕೆರೆಗೆ ಆದ ನಷ್ಟ

ಒಂದು ಆಮೆ ದಿಮ್ಮಿಯ ಮೇಲೆ ಕೂತರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಆಮೆಯ ಮೈ ತಾನಾಗಿ ಬಿಸಿಯಾಗುವುದಿಲ್ಲ. ತಿಂದದ್ದು ಅರಗಬೇಕಾದರೂ ಮೊಟ್ಟೆ ಬಲಿಯಬೇಕಾದರೂ ಬಿಸಿಲು ಬೇಕು. ಉದ್ಯಾನದ ಕೆರೆಯಲ್ಲಿ ಬಿಸಿಲು ಬೀಳುವ ಕಲ್ಲು, ದಿಮ್ಮಿ ಲೆಕ್ಕದಷ್ಟೇ ಇರುತ್ತವೆ. ದೊಡ್ಡ ಮೈಯ ಕೆಂಪು ಕಿವಿ ಅದನ್ನು ಹಿಡಿದುಕೊಂಡರೆ ಅಲ್ಲಿನ ಆಮೆಗೆ ಜಾಗವಿಲ್ಲ.

ಜಪಾನಿನ ಸ್ವಂತ ಆಮೆ 'ಇಶಿಗಾಮೆ', ಕಲ್ಲಾಮೆ ಅನ್ನಬಹುದು. ಅದರ ಮರಿ ಹಳೆಯ ಕಾಸಿನ ಹಾಗೆ ಕಾಣುತ್ತದೆಂದು 'ಜೆನಿಗಾಮೆ', ಅಂದರೆ ಕಾಸಾಮೆ ಎಂದೂ ಕರೆಯುತ್ತಿದ್ದರು. ಮೈಯಲ್ಲಿ ಚಿಕ್ಕದು, ಸ್ವಭಾವದಲ್ಲಿ ಸಾಧು, ಮೊಟ್ಟೆಯೂ ಕಡಿಮೆ. ಕೆಂಪು ಕಿವಿ ಒಂದೇ ಬೇಸಿಗೆಯಲ್ಲಿ ಹಲವು ಸಲ ಮೊಟ್ಟೆ ಇಡಬಲ್ಲದು, ಒಂದೊಂದು ಸಲಕ್ಕೂ ಹತ್ತಿಪ್ಪತ್ತು. 2013ರಲ್ಲಿ ಜಪಾನಿನಾದ್ಯಂತ ಜನರೇ ಸೇರಿ ಆಮೆಗಳನ್ನು ಎಣಿಸಿದಾಗ, ಕಂಡವುಗಳಲ್ಲಿ ಹತ್ತಿರತ್ತಿರ ಮೂರರಲ್ಲಿ ಎರಡು ಪಾಲು ಕೆಂಪು ಕಿವಿಯವೇ ಇದ್ದವು. ಸರ್ಕಾರದ ಅಂದಾಜಿನಲ್ಲಿ ದೇಶದ ನೀರಿನಲ್ಲಿರುವ ಇವುಗಳ ಸಂಖ್ಯೆ ಸುಮಾರು 80 ಲಕ್ಷ.

ತಿನ್ನುವುದರಲ್ಲಿ ಇದಕ್ಕೆ ಭೇದವಿಲ್ಲ. ಮರಿಯಾಗಿದ್ದಾಗ ಹುಳು, ಸೀಗಡಿ, ಸಣ್ಣ ಮೀನು ಜಾಸ್ತಿ. ದೊಡ್ಡದಾದ ಮೇಲೆ ನೀರಿನ ಗಿಡಗಳು ಜಾಸ್ತಿ. ಸಾಗಾ ಎಂಬ ಊರಿನ ಕೋಟೆಯ ಕಂದಕದಲ್ಲಿ ತಾವರೆ ತುಂಬಿರುತ್ತಿತ್ತು. ಒಂದು ಕಾಲಕ್ಕೆ ಅದೆಲ್ಲ ಕಾಣೆಯಾಯಿತು. ಚಿಗುರುವ ತಾವರೆ ಎಲೆಯನ್ನು ಈ ಆಮೆಗಳು ಕತ್ತರಿಸಿ ತಿನ್ನುತ್ತಿದ್ದವು. ಆಮೆಗಳನ್ನು ಹಿಡಿದು ತೆಗೆಯುತ್ತಾ ಬಂದಾಗ ತಾವರೆ ಮತ್ತೆ ಬಂತು. ನರುತೊ ಸೀಮೆಯಲ್ಲಿ ತಾವರೆ ಗೆಡ್ಡೆ ಬೆಳೆಯುವ ರೈತರಿಗೂ ಇದರ ಕಾಟ ಉಂಟು.

ಒಂದು ಮಾತು ಸೇರಿಸಬೇಕು. ಜಪಾನಿನ ಕೆರೆಗಳಲ್ಲಿ 'ಕುಸಾಗಾಮೆ' ಎಂಬ ಇನ್ನೊಂದು ಆಮೆ ಇದೆ. ತಮ್ಮದೇ ಎಂದು ಜನ ತುಂಬಾ ಕಾಲ ನಂಬಿದ್ದರು. ಅದೂ ಕೆಲವು ನೂರು ವರ್ಷಗಳ ಹಿಂದೆ ಚೀನಾ, ಕೊರಿಯಾ ಕಡೆಯಿಂದ ಬಂದದ್ದಿರಬೇಕು ಎಂದು ಡಿಎನ್‌ಎ ಪರೀಕ್ಷೆಗಳು ಸೂಚಿಸಿವೆ. ಇಶಿಗಾಮೆಯ ಜೊತೆ ಕೂಡಿ ಬೆರಕೆ ಮರಿಗಳನ್ನೂ ಹುಟ್ಟಿಸುತ್ತದೆ. ನಮ್ಮದು ಯಾವುದು, ಪರದೇಶದ್ದು ಯಾವುದು ಎಂಬ ಗೆರೆ ಎಳೆಯುವುದು ಅಷ್ಟು ಸಲೀಸಲ್ಲ.

ಕೈಬೊರಿ, ಅಂದರೆ ನಮ್ಮ ಹೂಳೆತ್ತುವ ಕೆಲಸ

2017ಕ್ಕೆ ಉದ್ಯಾನಕ್ಕೆ ನೂರು ವರ್ಷ ತುಂಬುವುದಿತ್ತು. ಅಷ್ಟರೊಳಗೆ ಕೆರೆಯನ್ನು ಸರಿಮಾಡಬೇಕು ಎಂದು ಟೋಕಿಯೋ ಆಡಳಿತದವರೂ ಸ್ಥಳೀಯರೂ ಸೇರಿ ಹೊರಟರು. ಆರಿಸಿಕೊಂಡದ್ದು 'ಕೈಬೊರಿ' ಎಂಬ ಹಳೆಯ ಪದ್ಧತಿ.

ಕೈಬೊರಿ ರೈತರದ್ದು. ಗದ್ದೆ ಕೆಲಸ ಮುಗಿದ ಚಳಿಗಾಲದಲ್ಲಿ ಊರಿನವರೆಲ್ಲ ಸೇರಿ ಕೆರೆಯ ನೀರು ಬಿಡುತ್ತಿದ್ದರು. ಮೀನು ಹಿಡಿದು ತಿನ್ನುತ್ತಿದ್ದರು. ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ತಳವನ್ನು ಬಿಸಿಲಿಗೆ ಒಣಗಲು ಬಿಟ್ಟು, ಏರಿ, ತೂಬು ಸರಿಮಾಡಿ ಮತ್ತೆ ನೀರು ತುಂಬಿಸುತ್ತಿದ್ದರು. ಓದುತ್ತಾ ಹೋದಂತೆ ನಮ್ಮೂರಿನದೇ ಅನ್ನಿಸಿತು. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ಬಯಲುಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಸಾಗರ, ಸೊರಬದ ಕಡೆ ನೀರು ಇಳಿದಾಗ ಊರಿಗೂರೇ ಬಿದಿರಿನ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತದೆ. ಆ ಗದ್ದಲ ನೋಡಿದವರಿಗೆ ಇನೊಕಾಶಿರಾದ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಚಳಿಗಾಲ ಈ ಕೆಲಸ ನಡೆಯಿತು: 2013-14, 2015-16, 2017-18. ಎದೆಮಟ್ಟದ ರಬ್ಬರ್ ಉಡುಪು ತೊಟ್ಟು ಸಾಮಾನ್ಯ ಜನ ಕೆಸರಿಗೆ ಇಳಿದರು. ಕೈಬೊರಿ ತಂಡ ಎಂದೇ ಒಂದು ಸ್ವಯಂಸೇವಕರ ಪಡೆ ತಯಾರಾಯಿತು. ಹಿಡಿದ ಮೀನುಗಳನ್ನು ಬೇರೆ ಬೇರೆ ಮಾಡಿ, ಅಲ್ಲಿನ ಮೂಲ ಮೀನುಗಳನ್ನು ತೊಟ್ಟಿಗಳಲ್ಲಿ ಕಾಪಾಡಿ, ನೀರು ತುಂಬಿದ ಮೇಲೆ ಮತ್ತೆ ಬಿಟ್ಟರು. ಪರದೇಶದವನ್ನು ಬಿಡಲಿಲ್ಲ.

ಮೀನಿನ ವಿಷಯದಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನೀರು ಹೋದರೆ ಮೀನಿಗೆ ಅಡಗಲು ಜಾಗವಿಲ್ಲ. ಆಮೆ ಹಾಗಲ್ಲ. ಅದಕ್ಕೆ ಶ್ವಾಸಕೋಶ ಇದೆ, ಕಾಲಿದೆ, ಚಳಿಗಾಲದಲ್ಲಿ ಕೆಸರಿನೊಳಗೆ ಅಲ್ಲಾಡದೆ ತಿಂಗಳುಗಟ್ಟಲೆ ಇರುವ ಶಕ್ತಿ ಇದೆ. ಮೇಲಿಂದ ನೋಡಿದರೆ ಕಾಣುವುದಿಲ್ಲ. ದಡದ ಬೇರುಗಳ ನಡುವೆ, ಎಲೆರಾಶಿಯ ಅಡಿಯಲ್ಲಿ ಕೈಯಾಡಿಸಿ ತಡಕಬೇಕು. ತಪ್ಪಿಸಿಕೊಂಡದ್ದು ಬೇಸಿಗೆಯಲ್ಲಿ ದಡ ಹತ್ತಿ, ಉದ್ಯಾನದ ಮೆತ್ತನೆ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಬರುತ್ತದೆ. ಮರಿಗಳು ಎಷ್ಟೋ ಸಲ ಆ ಗುಂಡಿಯಲ್ಲೇ ಚಳಿಗಾಲ ಕಳೆದು ಮುಂದಿನ ವಸಂತದಲ್ಲಿ ನೀರಿಗೆ ಇಳಿಯುತ್ತವೆ. ಕೆರೆ ಖಾಲಿ ಮಾಡಿದ ದಿನ ಅವು ಕೆರೆಯಲ್ಲೇ ಇರುವುದಿಲ್ಲ!

ಅದಕ್ಕೆ ಆಮೆಗೆ ಬೇರೆ ದಾರಿ ಬೇಕು. ಅದರ ಬಿಸಿಲಿನ ಆಸೆಯನ್ನೇ ಬಳಸಿಕೊಂಡ ಒಂದು ಬೋನಿದೆ. ನೀರಿನ ಮೇಲೆ ತೇಲುವ ಚೌಕಟ್ಟು, ಸುತ್ತಲೂ ಹತ್ತಲು ಇಳಿಜಾರು ಹಲಗೆ, ನಡುವೆ ಬಲೆ. ಬಿಸಿಲು ಕಾಯಲು ಹತ್ತಿದ ಆಮೆ ಒಳಕ್ಕೆ ಜಾರಿದರೆ ಮತ್ತೆ ಹತ್ತಲಾಗುವುದಿಲ್ಲ. ಮೀನಿನ ತುಂಡು ಕಟ್ಟಿ ನೀರಲ್ಲಿಡುವ ಬುಟ್ಟಿಬೋನೂ ಇದೆ. ಅದರ ಮೇಲ್ಭಾಗ ನೀರಿನಿಂದ ಹೊರಗಿರಲೇಬೇಕು, ಇಲ್ಲದಿದ್ದರೆ ಒಳಗೆ ಬಿದ್ದ ಆಮೆ, ಅದು ಅಲ್ಲಿನ ಮೂಲ ಆಮೆಯೇ ಆಗಿದ್ದರೂ, ಉಸಿರು ಕಟ್ಟಿ ಸಾಯುತ್ತದೆ. ಬೋನು ಹಾಕಿ ಮರೆಯುವಂತಿಲ್ಲ, ಮತ್ತೆ ಮತ್ತೆ ಬಂದು ನೋಡಬೇಕು. ವರ್ಷಗಟ್ಟಲೆ ಹೀಗೆ ಬಂದು ನೋಡುವವರು ಬೇಕು. ಮೂರು ಚಳಿಗಾಲದ ಕೈಬೊರಿ ಸುದ್ದಿಯಾಯಿತು, ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಗೌರವ ಇವರಿಗೆ ಒಂದು ತೂಕ ಜಾಸ್ತಿ.

ಮಣ್ಣಿನಲ್ಲಿ ಕಾದಿದ್ದ ಗಿಡ

2016ರ ವಸಂತ. ಎರಡನೇ ಕೈಬೊರಿ ಮುಗಿದು ನೀರು ತುಂಬಿದ ಮೇಲೆ ಕೆರೆಯ ತಳದಲ್ಲಿ ಕೂದಲಿನಷ್ಟು ತೆಳುವಾದ ಹಸಿರು ಎಳೆಗಳು ಕಂಡವು. ಅದು ಇನೊಕಾಶಿರಾ-ಫುರಾಸುಕೊಮೊ, ಗಿಡದ ಹಾಗೆ ಕಾಣುವ ಒಂದು ಜಾತಿಯ ಪಾಚಿ. 1957ರಲ್ಲಿ ಇದೇ ಕೆರೆಯಲ್ಲಿ ಮೊದಲು ಸಿಕ್ಕಿ, ಕೆರೆಯ ಹೆಸರನ್ನೇ ಪಡೆದಿತ್ತು. ಆಮೇಲೆ ನೀರು ಕೆಟ್ಟು ಕಣ್ಮರೆಯಾಯಿತು. ಈ ಕೆರೆಯಲ್ಲಿ ಇನ್ನಿಲ್ಲ ಎಂದುಕೊಂಡಿದ್ದರು. ಅದರ ಬೀಜಕಣಗಳು ಹತ್ತಿರತ್ತಿರ 60 ವರ್ಷ ಕೆಸರಿನೊಳಗೆ ಕಾದಿದ್ದವು. ತಳಕ್ಕೆ ಬಿಸಿಲು ತಾಗಿ, ನೀರು ತಿಳಿಯಾಗಿ, ಬೆಳಕು ಕೆಳಗಿಳಿದ ಕೂಡಲೇ ಮೊಳೆತವು. ನನಗಂತೂ ಈ ಸಾಲು ಓದಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ.

ಇದೆಲ್ಲ ಆಮೆ ತೆಗೆದದ್ದರಿಂದ ಆಯಿತು ಎಂದರೆ ಸುಳ್ಳಾಗುತ್ತದೆ. ತಳ ಒಣಗಿದ್ದು, ಬ್ಲೂಗಿಲ್, ಬಾಸ್ ಕಡಿಮೆಯಾದದ್ದು, ಕೆಸರು ಕೆದಕುವ ಗೆಂಡೆಮೀನು ಹೋದದ್ದು, ಎಲ್ಲವೂ ಸೇರಿದೆ. ಆದರೆ ಮೊಳೆತ ಗಿಡ ಉಳಿಯಬೇಕಾದರೆ ಅದನ್ನು ಮೇಯುವ ಆಮೆಗಳು ಹೆಚ್ಚಬಾರದು. ಗಿಡವಿದ್ದರೆ ಸೀಗಡಿ, ಮರಿಮೀನಿಗೆ ಮರೆ. ಅವಿದ್ದರೆ ಗುಳುಮುಳಕ ಹಕ್ಕಿಗೆ ಊಟ.

ಹಿಡಿದ ಆಮೆ ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ದಾಟಿಹೋಗುವ ಬರಹಗಳೇ ಜಾಸ್ತಿ. ಸಾವಿರಗಟ್ಟಲೆ ಆಮೆಗಳಿಗೆ ಮನೆ ಹುಡುಕಲು ಆಗುವುದಿಲ್ಲ. ಸಾಕಿದರೆ ಇನ್ನೂ 20 ವರ್ಷದ ಹೊಣೆ. ಅಮೆರಿಕಕ್ಕೆ ವಾಪಸ್ ಕಳಿಸಿದರೆ ಅಲ್ಲಿನ ಆಮೆಗಳಿಗೆ ರೋಗ ಅಂಟಿಸುವ ಭಯ. ಜಪಾನಿನ ಹಲವೆಡೆ ಹಿಡಿದ ಆಮೆಗಳನ್ನು ಮೊದಲು ತಣ್ಣಗೆ ಮಾಡಿ, ಆಮೇಲೆ ಫ್ರೀಜರಿನಲ್ಲಿಟ್ಟು ಕೊಲ್ಲುತ್ತಾರೆ. ಹೀಗೆ ಕೊಲ್ಲುವುದರಿಂದ ಅದಕ್ಕೆ ನೋವಾಗುತ್ತದೋ ಇಲ್ಲವೋ ಎಂಬ ವಾದ ಪಶುವೈದ್ಯರಲ್ಲಿ ಇನ್ನೂ ಇದೆ.

ನಾನು ಇದಕ್ಕೆ ವಿರೋಧಿಯಲ್ಲ, ಆದರೆ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆ ಆಮೆ ಏನೂ ತಪ್ಪು ಮಾಡಿಲ್ಲ. ಸಾಗಿಸಿದವರು, ಮಾರಿದವರು, ಕೊಂಡವರು, ಬಿಟ್ಟವರು ಎಲ್ಲ ನಾವೇ. ಕೆರೆಗೆ ಬಿಟ್ಟವರಿಗೆ ತಾವು ಅದರ ಜೀವ ಉಳಿಸಿದೆವು ಎಂಬ ಸಮಾಧಾನ. ಅದನ್ನು ಕೊಲ್ಲುವ ಸಂಕಟ ಮಾತ್ರ ಗುರುತು ಪರಿಚಯವಿಲ್ಲದ ಇನ್ನೊಬ್ಬರ ಪಾಲಿಗೆ.

ಕಾನೂನು ತಡವಾದದ್ದಕ್ಕೆ ಕಾರಣ

ಪರದೇಶದ ಹಾನಿಕರ ಜೀವಿಗಳ ಬಗ್ಗೆ ಜಪಾನಿನ ಕಾನೂನು ಜಾರಿಗೆ ಬಂದದ್ದು 2005ರಲ್ಲಿ. ಕೆಂಪು ಕಿವಿ ಆಮೆ ಅದರೊಳಗೆ ಬರಲಿಲ್ಲ. ಸರ್ಕಾರದ ಹೆದರಿಕೆ ಒಂದೇ: ಸಾಕಲು ಪರವಾನಗಿ ಬೇಕು ಎಂದ ಮರುದಿನವೇ ಜನ ರಾತ್ರೋರಾತ್ರಿ ಕೆರೆಗೆ ಸುರಿದುಬಿಟ್ಟರೆ? 2019ರ ಅಂದಾಜಿನಲ್ಲೂ ಜಪಾನಿನ ಮನೆಗಳಲ್ಲಿ ಸುಮಾರು 16 ಲಕ್ಷ ಕೆಂಪು ಕಿವಿ ಆಮೆಗಳಿದ್ದವು. ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಕೊನೆಗೆ 2023ರ ಜೂನ್ 1ರಿಂದ ನಡುದಾರಿಯ ಒಂದು ನಿಯಮ ಬಂತು. ಮನೆಯಲ್ಲಿರುವುದನ್ನು ಪರವಾನಗಿ ಇಲ್ಲದೆ ಸಾಕಿಕೊಳ್ಳಬಹುದು. ಸಾಕಲು ಆಗದಿದ್ದರೆ ಸಾಕಬಲ್ಲವರಿಗೆ ದುಡ್ಡು ತೆಗೆದುಕೊಳ್ಳದೆ ಕೊಡಬಹುದು. ಮಾರುವಂತಿಲ್ಲ, ಹೊರದೇಶದಿಂದ ತರುವಂತಿಲ್ಲ, ಕೆರೆ ಹೊಳೆಗೆ ಬಿಡುವಂತಿಲ್ಲ. ಬಿಟ್ಟರೆ 3 ವರ್ಷದವರೆಗೆ ಜೈಲು, ಇಲ್ಲವೇ 30 ಲಕ್ಷ ಯೆನ್‌ವರೆಗೆ ದಂಡ. ಸಾಕುವವರನ್ನು ಅಪರಾಧಿ ಮಾಡದೆ ಬರುವ ದಾರಿ, ಹೋಗುವ ದಾರಿ ಎರಡನ್ನೂ ಮುಚ್ಚಿದ ಈ ಬಗೆ ನನಗೆ ಸರಿ ಎನಿಸುತ್ತದೆ. ಆದರೆ ಹತ್ತು ಹದಿನೈದು ವರ್ಷ ಮೊದಲೇ ಬರಬೇಕಿತ್ತು. ಯುರೋಪು ಇದರ ಆಮದನ್ನು 1997ರಲ್ಲೇ ನಿಲ್ಲಿಸಿತ್ತು.

ಮತ್ತೆ ಅಕ್ಕನ ಮನೆಗೆ

ನಮ್ಮ ಕೆರೆಗಳ ಮೆದು ಚಿಪ್ಪಿನ ಆಮೆಯನ್ನಾಗಲಿ, ಕುರುಚಲು ಕಾಡಿನ ನಕ್ಷತ್ರ ಆಮೆಯನ್ನಾಗಲಿ ಸಾಕುವಂತಿಲ್ಲ, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಹಾಗಾಗಿ ಅಂಗಡಿಯವರು ಪರದೇಶದ್ದನ್ನು ಮಾರುತ್ತಾರೆ. ವಾಸ್ತು ಎಂದೋ ಅದೃಷ್ಟ ಎಂದೋ ಕೊಳ್ಳುವವರಿದ್ದಾರೆ. 2018ರಲ್ಲಿ ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ ಕೆಂಪು ಕಿವಿ ಆಮೆ ಕಂಡಿತ್ತು. ಅಲ್ಲೂ ದೇವರ ಕೊಳವೇ. ಬೆಂಗಳೂರಿನಲ್ಲಿ ಟೋಕಿಯೋದ ಹಾಗೆ ಚಳಿಯೂ ಇಲ್ಲ. ಈ ಆಮೆ ಇಲ್ಲಿ ವರ್ಷಪೂರ್ತಿ ತಿನ್ನಬಲ್ಲದು.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಫ್ರೀಜರಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ಇನ್ನೂ ಇಪ್ಪತ್ತು ವರ್ಷ ನನ್ ತಲೆ ಮೇಲೇನಾ?" ಎಂದು ಕೇಳಿದಳು. ಹೌದು ಅಂದೆ.

ಮುಂದಿನ ಭಾನುವಾರ ಭಾವ ಟೆರೇಸಿನ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇಟ್ಟರು. ತಳದಲ್ಲಿ ನೀರು ಬಿಡಲು ನಲ್ಲಿ, ಒಂದು ಮೂಲೆಯಲ್ಲಿ ಏರಿ ಕೂರಲು ಇಟ್ಟಿಗೆ, ಅರ್ಧಕ್ಕೆ ನೆರಳು, ಮೇಲೆ ಹದ್ದು ಬೆಕ್ಕು ಬಾರದ ಹಾಗೆ ಜಾಲರಿ. ಕೊಳೆ ನೀರು ಕುಂಡದ ಗಿಡಗಳಿಗೆ ಹೋಗುತ್ತದೆ. ತೊಟ್ಟಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು ಎಂದು ಸೊಸೆ ಗೋಡೆಗೆ ಚೀಟಿ ಅಂಟಿಸಿದ್ದಾಳೆ. ಆಮೆಗೆ ಅವಳು ಇಷ್ಟು ದಿನ ಹೆಸರಿಟ್ಟಿರಲಿಲ್ಲ. ಈಗ ಇಟ್ಟಿದ್ದಾಳೆ, ಕುಂಕುಮ ಅಂತ.